2022ರ ಕನ್ನಡ ಸಿನಿಮಾ: ಮಕ್ಕಳ ಬಾಯಲ್ಲಿ ಉಳಿದದ್ದೆಷ್ಟು?

ಡಿಸೆಂಬರ್ ಬಂತೆಂದರೆ ಎಲ್ಲಿ ನೋಡಿದರೂ ಪಟ್ಟಿಗಳು. ವರ್ಷದ ಹತ್ತು ಒಳ್ಳೆಯ ಸಿನಿಮಾ, ಐದು ಕೆಟ್ಟ ಸಿನಿಮಾ, ಇದಕ್ಕೆ ಇಷ್ಟು ಕೋಟಿ, ಅದಕ್ಕೆ ಅಷ್ಟು ದಿನ. ಈ ಸಲವಂತೂ ಕನ್ನಡದವರು ಸ್ವಲ್ಪ ಬೀಗಿದರೂ ತಪ್ಪಿಲ್ಲ. ಏಪ್ರಿಲ್ 14ಕ್ಕೆ ‘ಕೆಜಿಎಫ್ ಚಾಪ್ಟರ್ 2’, ಜೂನ್ 10ಕ್ಕೆ ‘777 ಚಾರ್ಲಿ’, ಸೆಪ್ಟೆಂಬರ್ 30ಕ್ಕೆ ‘ಕಾಂತಾರ’. ಕನ್ನಡ ಅಂದರೆ ತೆಲುಗಿನ ಹಾಗೇ ಅಲ್ವಾ ಅಂತ ಕೇಳುತ್ತಿದ್ದ ನನ್ನ ಲ್ಯಾಬಿನ ಉತ್ತರ ಭಾರತದ ಗೆಳೆಯರು ಈಗ ಕಾಫಿ ಮಷೀನಿನ ಹತ್ತಿರ ನಿಲ್ಲಿಸಿ ಪಂಜುರ್ಲಿ ಯಾರು, ಗುಳಿಗ ಯಾರು ಅಂತ ವಿಚಾರಿಸುತ್ತಾರೆ.

ಆ ಪಟ್ಟಿಗಳನ್ನು ಮಾಡುವವರು ಮಾಡಲಿ. ನೀವೂ ನನ್ನ ಹಾಗೆ ಪರದೇಶದಲ್ಲಿ ಮಕ್ಕಳ ಹಿಂದೆ ಕನ್ನಡ ಹಿಡಿದುಕೊಂಡು ಓಡಾಡುವವರಾಗಿದ್ದರೆ, ನಮಗೆ ಬೇಕಾದ ಪಟ್ಟಿ ಬೇರೆ.

ನಮ್ಮದು ಜರ್ಮನಿಯ ಆಖೆನ್. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ನಾನು ಹಾಸನದವಳು, ನನ್ನ ಗಂಡ ಧಾರವಾಡದವರು. ಮಗಳು ಮೂರು ವರ್ಷದವರೆಗೆ ಪಟಪಟ ಅಂತ ಕನ್ನಡ ಮಾತಾಡುತ್ತಿದ್ದಳು. ಕಿಂಡರ್‌ಗಾರ್ಟನ್, ಆಮೇಲೆ ಶಾಲೆ ಅಂತ ಶುರುವಾಯಿತು ನೋಡಿ, ‘ಊಟ ಬಡಿಸ್ಲಾ?’ ಅಂದರೆ ಉತ್ತರ ಜರ್ಮನ್‌ನಲ್ಲಿ. ನಿಮ್ಮಲ್ಲಿ ಅದು ಇಂಗ್ಲಿಷ್ ಇರಬಹುದು, ಗಲ್ಫಿನಲ್ಲಿದ್ದರೆ ಹಿಂದಿಯೂ ಇರಬಹುದು. ಅರ್ಥ ಎಲ್ಲಾ ಆಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ನಮ್ಮಮ್ಮ ಮೊಮ್ಮಗಳನ್ನು ನೇರವಾಗಿ ಕೇಳುವುದನ್ನೇ ಬಿಟ್ಟಿದ್ದರು. ‘ಸ್ಕೂಲು ಹೆಂಗಿದೆ ಅಂತ ಕೇಳು ಅವಳನ್ನ’ ಅಂತ ನನಗೆ ಹೇಳುತ್ತಿದ್ದರು, ಅವಳು ಪಕ್ಕದಲ್ಲೇ ಕೂತಿದ್ದರೂ. ಅಜ್ಜಿ ಮೊಮ್ಮಗಳ ನಡುವೆ ನಾನು ದುಭಾಷಿ. ಆ ಕೆಲಸ ಎಷ್ಟು ಸಂಕಟದ್ದು ಅಂತ ಮಾಡಿದವರಿಗೆ ಗೊತ್ತು.

ಹಾಗಾಗಿ ಈ ವರ್ಷದ ಸಿನಿಮಾಗಳನ್ನು ನಾನು ಒಂದೇ ಒಂದು ತಕ್ಕಡಿಯಲ್ಲಿ ತೂಗಿದ್ದೇನೆ. ಸಿನಿಮಾ ಮುಗಿದು ಒಂದು ವಾರ ಆದ ಮೇಲೆ ಮನೆಯಲ್ಲಿ ಅದರಿಂದ ಎಷ್ಟು ಕನ್ನಡ ಉಳಿದಿತ್ತು? ಅದನ್ನು ಹಿಡಿದುಕೊಂಡು ಮಕ್ಕಳು ಯಾರ ಜೊತೆಗಾದರೂ ಮಾತಾಡಿದರೇ? ಛಾಯಾಗ್ರಹಣ, ಹಿನ್ನೆಲೆ ಸಂಗೀತ, ಕ್ಲೈಮ್ಯಾಕ್ಸ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಂಶೋಧನೆ ಬ್ಯಾಟರಿಗಳ ಮೇಲೆ, ಭಾಷೆಯ ಮೇಲಲ್ಲ. ಆದರೆ ಸಂಶೋಧನಾ ಪ್ರಬಂಧ ಓದುವ ಚಾಳಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಒಂಬತ್ತು–ಹತ್ತು ತಿಂಗಳ ಕೂಸುಗಳ ಜೊತೆ ಚೀನೀ ಮಾತಾಡುವವರು ಕೂತು 12 ಸಲ ಆಟವಾಡಿದರು, ಪುಸ್ತಕ ಓದಿದರು. ಆ ಕೂಸುಗಳು ಇಂಗ್ಲಿಷಿನಲ್ಲಿಲ್ಲದ ಒಂದು ಚೀನೀ ಧ್ವನಿಭೇದವನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ ಮಾತ್ರ ನೋಡಿದ ಕೂಸುಗಳು ಕಲಿಯಲಿಲ್ಲ. ನಮ್ಮ ಮಕ್ಕಳು ಕೂಸುಗಳಲ್ಲ, ಅವರಿಗೆ ಕನ್ನಡ ಹೊಸದೂ ಅಲ್ಲ, ಹಾಗಾಗಿ ಇದನ್ನು ಇದ್ದಂತೆ ಎತ್ತಿ ಸಿನಿಮಾಗೆ ಅಂಟಿಸುವುದು ಸರಿಯಲ್ಲ. ಆದರೂ ಸಿನಿಮಾ ಹಾಕಿಕೊಟ್ಟು ನಾವು ಅಡುಗೆಮನೆಗೆ ಹೋದರೆ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವ ಆಸೆಯನ್ನು ನಾನಂತೂ ಇಟ್ಟುಕೊಂಡಿಲ್ಲ. ಕೆಳಗೆ ಬರುವ ಎಲ್ಲ ಸಿನಿಮಾಗಳನ್ನೂ ಮಕ್ಕಳ ಪಕ್ಕದಲ್ಲಿ ಯಾರಾದರೂ ಕೂತೇ ನೋಡಿದ್ದು, ಇಲ್ಲವೇ ದೊಡ್ಡವರು ಮೊದಲು ನೋಡಿ ತೀರ್ಮಾನ ಮಾಡಿದ್ದು.

ನಮ್ಮ ಮನೆಯ ಮೊದಲ ಸ್ಥಾನ ‘777 ಚಾರ್ಲಿ’ಗೆ, ಎರಡನೆಯದು ಬಹಳ ದೂರದಲ್ಲಿದೆ.

ಕಥೆ ನಿಮಗೆ ಗೊತ್ತೇ ಇರುತ್ತದೆ. ಕಿರಣ್‌ರಾಜ್ ಕೆ. ನಿರ್ದೇಶನ, ರಕ್ಷಿತ್ ಶೆಟ್ಟಿ ಧರ್ಮ. ಮನೆ, ಫ್ಯಾಕ್ಟರಿ, ಜಗಳ, ಇಡ್ಲಿ, ಬಿಯರು, ಚಾಪ್ಲಿನ್ ಸಿನಿಮಾ ಇಷ್ಟರಲ್ಲೇ ದಿನ ಕಳೆಯುವ ಒಂಟಿ ಮನುಷ್ಯನ ಬಾಗಿಲಿಗೆ ಒಂದು ಲ್ಯಾಬ್ರಡಾರ್ ಬಂದು ಬೀಳುತ್ತದೆ. ದೊಡ್ಡವರಿಗೆ ಇದು ಒಂಟಿತನದ ಕಥೆ. ಕನ್ನಡ ಅರ್ಧಂಬರ್ಧ ಬರುವ ಮಗುವಿಗೆ ಮಾತ್ರ ಇದರಲ್ಲಿ ಬೇರೆಯೇ ಒಂದು ನಿಧಿ ಇದೆ. ಸಿನಿಮಾದ ದೊಡ್ಡ ಭಾಗದಲ್ಲಿ ನಾಯಕ ಮಾತಾಡುವುದು ನಾಯಿಯ ಜೊತೆ. ನಾಯಿಯ ಜೊತೆ ಯಾರೂ ಉದ್ದುದ್ದ ವಾಕ್ಯ ಆಡುವುದಿಲ್ಲ. ಬಾ, ಹೋಗು, ಕೂತ್ಕೋ, ಬಿಡು, ತಿನ್ನು, ಬೇಡ ಅಂದ್ನಲ್ಲ. ಹೆಸರು ಹಿಡಿದು ಕರೆಯುವುದು, ಗದರುವುದು, ರಮಿಸುವುದು. ಒಂದೇ ಮಾತು ಹತ್ತು ಸಲ. ಮಾತಿನ ಅರ್ಥ ಕೂಡಲೇ ಕಣ್ಣಿಗೆ ಕಾಣುತ್ತದೆ, ಏಕೆಂದರೆ ನಾಯಿ ಹೇಳಿದ್ದನ್ನು ಮಾಡುತ್ತದೆ ಅಥವಾ ಮಾಡುವುದಿಲ್ಲ. ಭಾಷೆ ಕಲಿಸಲೆಂದೇ ಯಾರಾದರೂ ಚಿತ್ರಕಥೆ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ.

ಇಲ್ಲಿ ಮತ್ತೊಂದು ಪ್ರಬಂಧದ ನೆನಪು. 2002ರಲ್ಲಿ ಸಿಡ್ನಿಯ ಡೆನಿಸ್ ಬರ್ನ್‌ಹಮ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ ಸಂಗತಿ: ತಾಯಂದಿರು ಕೂಸಿನ ಜೊತೆಗೂ ಸಾಕುಪ್ರಾಣಿಯ ಜೊತೆಗೂ ದನಿ ಏರಿಸಿ, ಮುದ್ದು ತುಂಬಿ ಮಾತಾಡುತ್ತಾರೆ. ಆದರೆ ಸ್ವರಗಳನ್ನು ಹಿಗ್ಗಿಸಿ, ಬಿಡಿಸಿ ಹೇಳುವುದು ಕೂಸಿಗೆ ಮಾತ್ರ. ನಾಯಿಬೆಕ್ಕು ಮಾತು ಕಲಿಯುತ್ತದೆ ಅಂತ ಯಾರೂ ಕಾದು ಕೂತಿಲ್ಲವಲ್ಲ. ಚಾರ್ಲಿಯ ಜೊತೆ ಆಡುವ ಮಾತು ಹೀಗೆ ಮಗುವಿನ ಮಾತಿನ ಮುದ್ದನ್ನು ಇಟ್ಟುಕೊಂಡೇ ನಿಜವಾದ ಆಡುಗನ್ನಡದ ವೇಗದಲ್ಲಿ ಹೋಗುತ್ತದೆ. ‘ಪುಟ್ಟಾ, ಇದು ಸೇಬು’ ಅನ್ನುವ ಧಾಟಿಯ ಕಲಿಕೆಯ ವಿಡಿಯೋಗಳಲ್ಲಿ ಆ ವೇಗ ಸಿಗುವುದಿಲ್ಲ. ಏಳು ವರ್ಷದವರು ಅಂಥ ವಿಡಿಯೋ ಕಂಡರೆ ಮೂಗು ಮುರಿಯುತ್ತಾರೆ ಕೂಡ.

ನಾವು ನೋಡಿದ್ದು ಜುಲೈನಲ್ಲಿ, ಬೇಸಿಗೆ ರಜೆಗೆ ಹಾಸನಕ್ಕೆ ಹೋಗಿದ್ದಾಗ. ಇಬ್ಬರೂ ಮಕ್ಕಳು, ನಾನು, ನಮ್ಮಮ್ಮ. ಮಗ ಥಿಯೇಟರಿನಲ್ಲೇ ಶುರು ಮಾಡಿದ: ‘ಅವನು ಎಲ್ಲಿಗೆ ಹೋಗ್ತಿದಾನೆ?’ ಜರ್ಮನ್‌ನಲ್ಲಿ ನಾಯಿ ಅನ್ನುವ ಪದ ಪುಲ್ಲಿಂಗ, ಹಾಗಾಗಿ ಅವನಿಗೆ ಎಲ್ಲ ನಾಯಿಗಳೂ ‘ಅವನು’. ಅಕ್ಕ ತಿದ್ದಿದಳು: ‘ಕನ್ನಡದಲ್ಲಿ ಅದು.’ ಸ್ವಲ್ಪ ಹೊತ್ತಿಗೆ ಅಜ್ಜಿ ಇಬ್ಬರನ್ನೂ ತಿದ್ದಿದರು: ‘ಹೆಣ್ಣು ಕಣ್ರೋ, ಪಾಪ, ಎಷ್ಟು ಮುದ್ದಾಗಿದಾಳೆ ನೋಡಿ.’ ಅವನು, ಅದು, ಅವಳು. ನಾನು ಆರು ತಿಂಗಳು ಪಾಠ ಮಾಡಿದ್ದರೂ ತಿಳಿಸಲಾಗದ ವ್ಯಾಕರಣ ಇಂಟರ್ವಲ್ಲಿನೊಳಗೆ ಮುಗಿದುಹೋಯಿತು. ಕನ್ನಡದಲ್ಲಿ ಪ್ರಾಣಿ ‘ಅದು’. ಪ್ರೀತಿ ಬಂದಾಗ ‘ಅವಳು’ ಆಗುತ್ತದೆ. ಈ ದಾಟುವಿಕೆ ಮಗುವಿಗೆ ಕಿವಿಯಿಂದಲೇ ಸಿಗಬೇಕು.

ಈಗ ಎಚ್ಚರಿಕೆ. ಇನ್ನೂ ನೋಡಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು, ಆದರೆ ಪುಟ್ಟ ಮಕ್ಕಳ ಜೊತೆ ನೋಡಲು ಹೊರಟವರು ಬಿಡಬೇಡಿ. ಚಾರ್ಲಿಗೆ ಕ್ಯಾನ್ಸರ್. ಹಿಮ ತೋರಿಸಲು ಧರ್ಮ ಅವಳನ್ನು ಸೈಡ್‌ಕಾರಿನ ಬೈಕಿನಲ್ಲಿ ಕೂರಿಸಿಕೊಂಡು ಕಾಶ್ಮೀರದವರೆಗೆ ಹೋಗುತ್ತಾನೆ. ಕೊನೆಗೆ ಅವಳು ಉಳಿಯುವುದಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರೇ ನೋಡಿ ಕಣ್ಣೀರು ಹಾಕಿದ್ದು ಸುದ್ದಿಯಾಗಿತ್ತು, ಇನ್ನು ಮಕ್ಕಳ ಪಾಡು ಏನು. ಸಿನಿಮಾ ಉದ್ದವೂ ಹೌದು, ಎರಡೂವರೆ ಗಂಟೆ ದಾಟುತ್ತದೆ. ನಾಲ್ಕು ವರ್ಷದವನು ಕಾಶ್ಮೀರ ತಲುಪುವ ಮೊದಲೇ ನಿದ್ದೆ ಹೋಗಿದ್ದ, ಅದು ಒಳ್ಳೆಯದೇ ಆಯಿತು. ಮಗಳು ಪೂರ್ತಿ ನೋಡಿದಳು.

ಆ ರಾತ್ರಿ ಅವಳು ಅಜ್ಜಿಯ ಪಕ್ಕದಲ್ಲಿ ಮಲಗಿದ್ದಳು. ನಾನು ಹೊರಗೆ ಬಟ್ಟೆ ಮಡಚುತ್ತಿದ್ದೆ. ಕತ್ತಲಲ್ಲಿ ಪ್ರಶ್ನೆ ಕೇಳಿಸಿತು: ‘ಅಜ್ಜಿ, ಚಾರ್ಲಿಗೆ ಗೊತ್ತಿತ್ತಾ, ಅವಳು ಸತ್ತೋಗ್ತಾಳೆ ಅಂತ?’ ಅಜ್ಜಿಗೆ ಜರ್ಮನ್ ಬರುವುದಿಲ್ಲ, ದುಭಾಷಿ ಹತ್ತಿರ ಇರಲಿಲ್ಲ, ಪ್ರಶ್ನೆ ಬೆಳಗಿನವರೆಗೆ ಕಾಯುವಂಥದ್ದಲ್ಲ. ಕನ್ನಡದಲ್ಲೇ ಕೇಳಬೇಕಾಯಿತು. ‘ಗೊತ್ತಾಗತ್ತೆ ಪುಟ್ಟಿ, ಮೂಕಪ್ರಾಣಿಗೆ ಎಲ್ಲಾ ಗೊತ್ತಾಗತ್ತೆ. ನಮ್ಮನೇಲಿ ಕೆಂಪಿ ಅಂತ ಒಂದು ಹಸು ಇತ್ತು...’ ಅಂತ ಅಮ್ಮ ಶುರು ಮಾಡಿದರು. ನಾನು ಹೋಗಿ ಮಧ್ಯ ಬಾಯಿ ಹಾಕಲಿಲ್ಲ. ಅರ್ಧ ಗಂಟೆ ನಡೆಯಿತು ಆ ಮಾತು. ಕೊಟ್ಟಿಗೆ ಅಂದರೇನು, ಕರು ಹಾಕುವುದು ಅಂದರೇನು, ಹಸುವಿಗೆ ಅಳು ಬರುತ್ತದೆಯೇ. ಮರುದಿನ ಮಗಳು ಕೊಟ್ಟಿಗೆ ನೋಡಬೇಕು ಅಂದಳು. ನಮ್ಮ ಮನೆಯಲ್ಲಿ ಈಗ ಕೊಟ್ಟಿಗೆ ಇಲ್ಲ, ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಅದನ್ನೇ ತೋರಿಸಿದರು.

ಆಖೆನ್‌ಗೆ ಬಂದ ಮೇಲೆ ಮಗನ ಕಡೆಯಿಂದ ಇನ್ನೊಂದು ಫಲ. ನಾಯಿಗಳಿಗೆ ಕನ್ನಡ ಬರುತ್ತದೆ ಅಂತ ಅವನು ತೀರ್ಮಾನ ಮಾಡಿಬಿಟ್ಟಿದ್ದಾನೆ. ಎಲ್ಲರ ಜೊತೆ ಜರ್ಮನ್, ಕೆಳಮನೆಯ ಮುದುಕಿಯ ನಾಯಿಯ ಜೊತೆ ಮಾತ್ರ ‘ಬಾ ಇಲ್ಲಿ, ಕೂತ್ಕೋ, ಕಚ್ಬೇಡ’. ಆ ನಾಯಿ ಪಾಪ ತಲೆ ಓರೆ ಮಾಡಿ ನೋಡುತ್ತದೆ. ಅದಕ್ಕೆ ಅರ್ಥ ಆಗಲ್ಲ ಕಣೋ ಅಂದರೆ, ‘ಕಲೀತಾ ಇದೆ’ ಅನ್ನುತ್ತಾನೆ. ನಾನು ಸುಮ್ಮನಿದ್ದೇನೆ.

ಎರಡನೆಯ ಸ್ಥಾನ, ನಿಮಗೆ ಆಶ್ಚರ್ಯವಾಗಬಹುದು, ‘ಗುರು ಶಿಷ್ಯರು’. ಜಡೇಶ್ ಕುಮಾರ್ ಹಂಪಿ ನಿರ್ದೇಶನ, ಶರಣ್ ನಾಯಕ, ಸೆಪ್ಟೆಂಬರ್‌ನಲ್ಲಿ ಬಂತು. ಹಳ್ಳಿ ಶಾಲೆಗೆ ಬರುವ ಪಿ.ಟಿ. ಮೇಷ್ಟ್ರು ಹುಡುಗರಿಗೆ ಖೋ ಖೋ ಕಲಿಸುವ ಕಥೆ. ಸಿನಿಮಾ ಆಗಿ ಇದರಲ್ಲಿ ಎಳೆದಾಟ ಇದೆ, ಮೊದಲರ್ಧದ ಕೆಲವು ನಗೆಚಾಟಿಕೆಗಳಿಗೆ ನನಗೆ ನಗು ಬರಲಿಲ್ಲ. ಕಾಂತಾರದ ಪಕ್ಕದಲ್ಲಿ ಇಟ್ಟು ನೋಡುವ ಸಿನಿಮಾ ಇದಲ್ಲ. ಆದರೆ ನಮ್ಮ ಮಕ್ಕಳಿಗೆ ಹೊರದೇಶದಲ್ಲಿ ಸಿಗದೇ ಇರುವ ಒಂದು ವಸ್ತು ಇದರಲ್ಲಿ ಧಾರಾಳವಾಗಿದೆ: ಮಕ್ಕಳು ಮಕ್ಕಳ ಜೊತೆ ಆಡುವ ಕನ್ನಡ.

ಯೋಚನೆ ಮಾಡಿ ನೋಡಿ. ನಿಮ್ಮ ಮಗು ದಿನವಿಡೀ ಕೇಳುವ ಕನ್ನಡ ಯಾವುದು? ಅಪ್ಪ ಅಮ್ಮನದ್ದು. ಎದ್ದೇಳು, ಹಲ್ಲುಜ್ಜು, ಹೋಂವರ್ಕ್ ಆಯ್ತಾ, ಟಿವಿ ಆಫ್ ಮಾಡು. ಅಂದರೆ ಮಗುವಿನ ಮಟ್ಟಿಗೆ ಕನ್ನಡ ಅಪ್ಪಣೆ ಕೊಡುವವರ ಭಾಷೆ. ತಮಾಷೆ, ಜಗಳ, ಗುಟ್ಟು, ಕೀಟಲೆ ಎಲ್ಲ ಜರ್ಮನ್‌ನಲ್ಲೋ ಇಂಗ್ಲಿಷ್‌ನಲ್ಲೋ ನಡೆಯುತ್ತದೆ. ಕನ್ನಡದಲ್ಲಿ ಮಕ್ಕಳು ‘ಲೋ’, ‘ಹೋಗೋ’, ‘ಸುಮ್ನಿರೋ’ ಅಂತ ಮಾತಾಡುತ್ತಾರೆ ಎನ್ನುವುದೇ ನನ್ನ ಮಗಳಿಗೆ ಹೊಸ ಸುದ್ದಿ. ಸಿನಿಮಾ ನೋಡಿದ ವಾರ ತಮ್ಮನನ್ನು ‘ಲೋ’ ಅಂತ ಕರೆಯಲು ಶುರು ಮಾಡಿದಳು. ನನ್ನ ಗಂಡನಿಗೆ ಅದು ಒರಟು ಅನ್ನಿಸಿತು. ಧಾರವಾಡದಲ್ಲಿ ‘ಲೇ’ ಅಂತಿದ್ರಲ್ಲ ನೀವು ಅಂದೆ. ಮಾತು ಅಲ್ಲಿಗೆ ನಿಂತಿತು.

ಖೋ ಖೋ ಆಟದ ನಿಯಮ ವಿವರಿಸಲು ಬೇಕಾದ ಮಾತುಗಳೂ ಚೆನ್ನಾಗಿವೆ: ಬೆನ್ನು ಮುಟ್ಟು, ಎದ್ದೋಡು, ಕಂಬ ಸುತ್ತು, ಔಟು. ಮೂರ್ನಾಲ್ಕು ಕನ್ನಡ ಕುಟುಂಬಗಳ ಮಕ್ಕಳು ಸೇರಿದಾಗ ಪಾರ್ಕಿನಲ್ಲಿ ಒಮ್ಮೆ ಆಡಿಸಿದೆವು. ಒಂದು ತಂಡಕ್ಕೂ ಸಾಲದಷ್ಟು ಮಕ್ಕಳು, ಆದರೂ ಖೋ ಅನ್ನುವ ಕೂಗು ಇಡೀ ಪಾರ್ಕಿಗೆ ಕೇಳಿಸಿತು.

ಈಗ ‘ಕಾಂತಾರ’. ನಾನು ಈ ವರ್ಷ ನೋಡಿದ ಎಲ್ಲ ಭಾಷೆಯ ಸಿನಿಮಾಗಳಲ್ಲಿ, ನನ್ನ ಪಾಲಿಗೆ, ಇದೇ ಮೊದಲು. ಮಕ್ಕಳಿಗೆ ತೋರಿಸುವ ಪ್ರಶ್ನೆ ಬಂದರೆ ಲೆಕ್ಕ ಕಷ್ಟ. ರಕ್ತ ಇದೆ, ಸಾವು ಇದೆ, ಹೆದರಿಸುವ ರಾತ್ರಿಗಳಿವೆ. ಶಿವ ಲೀಲಾಳ ಸೊಂಟ ಚಿವುಟುವ ದೃಶ್ಯವನ್ನು ಪ್ರೀತಿಯ ತುಂಟತನದ ಹಾಗೆ ತೋರಿಸಿದ್ದಾರೆ. ಹೇಳದೆ ಕೇಳದೆ ಯಾರೂ ಮೈ ಮುಟ್ಟುವಂತಿಲ್ಲ ಅಂತ ಶಾಲೆಯಲ್ಲಿ ಕಲಿತುಬರುವ ಹುಡುಗಿಗೆ ಅದನ್ನು ತೋರಿಸಿ ಸುಮ್ಮನೆ ಕೂರಲು ನನಗೆ ಆಗುವುದಿಲ್ಲ. ನಾವು ಥಿಯೇಟರಿನಲ್ಲಿ ಗಂಡ ಹೆಂಡತಿ ಮಾತ್ರ ನೋಡಿದೆವು. ನವೆಂಬರ್ 24ಕ್ಕೆ ಪ್ರೈಮ್‌ನಲ್ಲಿ ಬಂದ ಮೇಲೆ ಮಗಳಿಗೆ ಆಯ್ದ ಭಾಗ ತೋರಿಸಿದೆವು: ರಾಜ ಶಾಂತಿ ಹುಡುಕಿ ಕಾಡಿಗೆ ಬಂದು ದೈವದ ಕಲ್ಲನ್ನು ಕಾಣುವುದು, ಕಂಬಳ, ಕೋಲದ ಒಂದಷ್ಟು.

ಅವಳು ಕೇಳಿದ ಮೊದಲ ಪ್ರಶ್ನೆ: ‘ಇದು ಕನ್ನಡನಾ?’

ಹೌದು, ಕನ್ನಡವೇ, ಕರಾವಳಿಯದ್ದು. ರಿಷಬ್ ಶೆಟ್ಟಿ ಕುಂದಾಪುರದ ಕಡೆಯ ತಮ್ಮ ಊರು ಕೆರಾಡಿಯಲ್ಲೇ ಇದನ್ನು ಚಿತ್ರೀಕರಿಸಿದ್ದು. ‘ಏನು’ ಇಲ್ಲಿ ‘ಎಂತ’ ಆಗುತ್ತದೆ. ಅಮ್ಮನ ಹಾಸನದ ಕನ್ನಡ, ಅಪ್ಪನ ಧಾರವಾಡದ ಕನ್ನಡ, ಇದು ಮೂರನೆಯದು ಅಂತ ಅವಳೇ ಎಣಿಸಿದಳು. ಜರ್ಮನ್‌ನಲ್ಲೂ ಹೀಗೇ ಇದೆ ಅಂತ ಅವಳಿಗೆ ಗೊತ್ತು. ಇಲ್ಲಿನ ಮುದುಕರು ಆಡುವ ಆಖೆನ್‌ನ ಮಾತು ಶಾಲೆಯ ಜರ್ಮನ್‌ನಂತಲ್ಲ. ಕನ್ನಡ ಅಂದರೆ ಮನೆಯೊಳಗಿನ ನಾಲ್ಕು ಜನರ ಸಂಕೇತಭಾಷೆ ಎಂದುಕೊಂಡಿದ್ದ ಮಗುವಿಗೆ ಅದಕ್ಕೂ ಊರುಗಳಿವೆ, ಕೇರಿಗಳಿವೆ ಅಂತ ತಿಳಿದದ್ದು ಈ ಸಿನಿಮಾದಿಂದ. ಇನ್ನೊಂದು ಸಂಗತಿಯೂ ನನಗೆ ಖುಷಿ. ಮೊದಲ ಎರಡು ವಾರ ಕಾಂತಾರ ಕನ್ನಡದಲ್ಲಿ ಮಾತ್ರ ಇತ್ತು. ಹಿಂದಿಯ ಡಬ್ಬಿಂಗ್ ಬಂದದ್ದು ಅಕ್ಟೋಬರ್ 14ಕ್ಕೆ.

ಇಲ್ಲಿ ಸಬ್‌ಟೈಟಲ್ ವಿಷಯ ಹೇಳಲೇಬೇಕು. ಜರ್ಮನಿಯಲ್ಲಿ ಪರದೇಶದ ಸಿನಿಮಾಗಳು ಹೆಚ್ಚಾಗಿ ಡಬ್ ಆಗಿಯೇ ಬರುತ್ತವೆ. ನಮ್ಮೂರಿಂದ ಸಿಟಿ ಬಸ್ ಹತ್ತಿ ಗಡಿ ದಾಟಿದರೆ ನೆದರ್ಲ್ಯಾಂಡ್ಸ್, ಅಲ್ಲಿ ಸಬ್‌ಟೈಟಲ್ ರೂಢಿ. ಇನ್ನೊಂದು ದಿಕ್ಕಿನಲ್ಲಿ ಬೆಲ್ಜಿಯಂ. ಅಲ್ಲಿನ ಲೂವೆನ್‌ನಲ್ಲಿ ಝೆರಿ ಡಿದೆವಾಲ ಎಂಬ ಸಂಶೋಧಕರು ಸಬ್‌ಟೈಟಲ್ ಓದುವುದು ಬೇಕೋ ಬೇಡವೋ ತಾನಾಗಿ ನಡೆದುಹೋಗುತ್ತದೆ, ಅಕ್ಷರ ಕಂಡರೆ ಕಣ್ಣು ಅತ್ತಲೇ ಹೋಗುತ್ತದೆ ಎಂದು ಬಹಳ ಹಿಂದೆಯೇ ತೋರಿಸಿದ್ದರು. 2009ರಲ್ಲಿ ನೆದರ್ಲ್ಯಾಂಡ್ಸಿನ ನೈಮೇಖನ್‌ನಲ್ಲಿ ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್ವೀನ್ ಇನ್ನೂ ಸ್ವಾರಸ್ಯದ ಪ್ರಯೋಗ ಮಾಡಿದರು. ಇಂಗ್ಲಿಷ್ ಬಲ್ಲ ಡಚ್ಚರಿಗೆ ಸ್ಕಾಟ್ಲೆಂಡಿನ ಮತ್ತು ಆಸ್ಟ್ರೇಲಿಯಾದ ಉಚ್ಚಾರಣೆಯ ವಿಡಿಯೋ ತೋರಿಸಿದರು. ಕೆಳಗೆ ಇಂಗ್ಲಿಷ್ ಅಕ್ಷರ ಇದ್ದವರಿಗೆ ಆ ಉಚ್ಚಾರಣೆ ಕಿವಿಗೆ ಬೇಗ ಹೊಂದಿಕೊಂಡಿತು. ತಮ್ಮ ಡಚ್ ಭಾಷೆಯ ಅಕ್ಷರ ಇದ್ದವರಿಗೆ ಹೊಂದಿಕೆ ಇನ್ನಷ್ಟು ಕಷ್ಟವಾಯಿತು.

ಇದನ್ನು ನಮ್ಮ ಕಡೆ ತಿರುಗಿಸಿ ನೋಡಿ. ಪರದೆಯಲ್ಲಿ ಕುಂದಾಪುರದ ಕನ್ನಡ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಓದಲು ಬರುವ ಮಗು ಇಂಗ್ಲಿಷ್ ಓದಿಕೊಂಡು ಕಥೆ ತಿಳಿಯುತ್ತದೆ, ಕಿವಿ ಕೆಲಸ ನಿಲ್ಲಿಸುತ್ತದೆ. ಕನ್ನಡ ಸಬ್‌ಟೈಟಲ್ ಇದ್ದರೆ ಅಕ್ಷರ ಕಲಿತ ಮಕ್ಕಳಿಗೆ ಎಷ್ಟು ಉಪಕಾರವಾಗುತ್ತಿತ್ತು! ಇಂಗ್ಲಿಷ್ ಹಾಕುವವರು ಕನ್ನಡ ಏಕೆ ಹಾಕುವುದಿಲ್ಲವೋ, ಚಿತ್ರೋದ್ಯಮದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಅಲ್ಲಿಯವರೆಗೆ ನಮ್ಮ ಮನೆಯ ಉಪಾಯ ಇಷ್ಟೆ: ಸಬ್‌ಟೈಟಲ್ ಆಫ್, ಹತ್ತು ನಿಮಿಷಕ್ಕೊಮ್ಮೆ ಪಾಸ್ ಒತ್ತಿ ‘ಈಗ ಏನಾಯ್ತು ಹೇಳು’. ಒಂದು ಸಿನಿಮಾ ಮೂರು ಸಂಜೆ ಹಿಡಿಯುತ್ತದೆ. ಹಿಡಿಯಲಿ.

ಇನ್ನು ಇಷ್ಟವಾಗದವು. ಮೊದಲೇ ‘ಕೆಜಿಎಫ್ 2’ ಹೇಳಿದರೆ ಕಲ್ಲು ಬೀಳುತ್ತದೆ, ಗೊತ್ತು. ನಾನೂ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವಳೇ. ಪ್ರಶಾಂತ್ ನೀಲ್ ಕಟ್ಟಿದ ಲೋಕದ ಗಾತ್ರ, ಯಶ್ ನಡಿಗೆ, ಯಾವುದಕ್ಕೂ ನನ್ನ ತಕರಾರಿಲ್ಲ. ನನ್ನ ತಕ್ಕಡಿಯಲ್ಲಿ ಮಾತ್ರ ಅದು ಮೇಲೇಳಲಿಲ್ಲ. ಆ ಸಿನಿಮಾದಲ್ಲಿ ಜನ ಒಬ್ಬರ ಜೊತೆ ಒಬ್ಬರು ಮಾತಾಡುವುದಕ್ಕಿಂತ ಘೋಷಣೆ ಮಾಡುವುದೇ ಹೆಚ್ಚು. ಒಬ್ಬ ಒಂದು ಡೈಲಾಗ್ ಎಸೆದು ಹೋಗುತ್ತಾನೆ, ಇನ್ನೊಬ್ಬ ಇನ್ನೊಂದು ಎಸೆಯುತ್ತಾನೆ, ನಡುವೆ ಬಂದೂಕು. ಮಗುವಿಗೆ ಅನುಕರಿಸಲು ಸಂಭಾಷಣೆಯೇ ಸಿಗುವುದಿಲ್ಲ. ನಮ್ಮ ಪರಿಚಯದ ಕನ್ನಡ ಮಕ್ಕಳ ಬಾಯಲ್ಲಿ ಆ ಸಿನಿಮಾದಿಂದ ಉಳಿದದ್ದು ಟ್ರೇಲರಿನ ಒಂದು ಸಾಲು, ಅದೂ ಇಂಗ್ಲಿಷ್ ಸಾಲು! ಪ್ರಕಾಶ್ ರಾಜ್ ಅವರ ನಿರೂಪಣೆಯ ಕನ್ನಡ ಗಂಭೀರವಾಗಿದೆ, ದೊಡ್ಡ ಮಕ್ಕಳಿಗೆ ಆ ದನಿ ಕೇಳಿಸಬಹುದು. ಪುಟ್ಟವರಿಗೆ ಬೇಡ. ಭಾರತದಲ್ಲಿ ಇದಕ್ಕೆ ಸಿಕ್ಕಿದ್ದು ಯು/ಎ, ಅಂದರೆ ಆಗಿನ ನಿಯಮದಲ್ಲಿ ಹನ್ನೆರಡರ ಒಳಗಿನವರ ವಿಷಯ ಅಪ್ಪ ಅಮ್ಮನ ವಿವೇಚನೆಗೆ ಬಿಟ್ಟದ್ದಾಗಿತ್ತು. ನನ್ನ ವಿವೇಚನೆ ಹೇಳಿಬಿಟ್ಟಿದ್ದೇನೆ.

ಈ ವರ್ಷ ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು ‘ವಿಕ್ರಾಂತ್ ರೋಣ’. ಜುಲೈ 28ಕ್ಕೆ ಬಂದಾಗ ನಾವಿನ್ನೂ ಊರಿನಲ್ಲೇ ಇದ್ದೆವು. 3ಡಿ, ಸಾಹಸ, ಕಾಡು ಅಂತ ಪೋಸ್ಟರ್ ಕಂಡ ಮನೆಯ ಮಕ್ಕಳೆಲ್ಲ ಕನ್ನಡಕ ಹಾಕಿಕೊಳ್ಳಲು ಸಿದ್ಧ. ದೊಡ್ಡವರು ಮೊದಲು ನೋಡಿಬರೋಣ ಅಂತ ನಾನೂ ಅಕ್ಕನೂ ಹೋದೆವು. ಮಕ್ಕಳ ಕೊಲೆಗಳ ಸುತ್ತ ಹೆಣೆದ ಕಥೆ. ಪರದೆ ತುಂಬ ಕತ್ತಲು, ಕತ್ತಲಿನ ಮೇಲೆ 3ಡಿ ಕನ್ನಡಕದ ಇನ್ನೊಂದು ಕತ್ತಲು, ಮಾತನ್ನು ನುಂಗುವ ಸಂಗೀತ. ಸುದೀಪ್ ಅವರ ದನಿ ಕನ್ನಡದ ಒಳ್ಳೆಯ ದನಿಗಳಲ್ಲಿ ಒಂದು, ಅದಕ್ಕೇ ಜಾಗ ಸಿಕ್ಕಿಲ್ಲ ಅನ್ನಿಸಿತು. ಬೇಡ ಅಂದದ್ದಕ್ಕೆ ಮಕ್ಕಳು ಎರಡು ದಿನ ಮುನಿಸಿಕೊಂಡರು, ಗೋಬಿ ಮಂಚೂರಿಯಿಂದ ರಾಜಿಯಾಯಿತು.

‘ಜೇಮ್ಸ್’ ಬಗ್ಗೆ ಇಷ್ಟ, ಇಷ್ಟವಿಲ್ಲ ಎನ್ನುವ ಮಾತನ್ನೇ ಆಡಲು ಮನಸ್ಸು ಬರುವುದಿಲ್ಲ. ಹೊಡೆದಾಟದ ಸಿನಿಮಾ, ಮಕ್ಕಳಿಗೆ ಅಲ್ಲಿ ಏನಿಲ್ಲ. ಆದರೆ ಅದರ ದನಿಯ ಕಥೆ ನಿಮ್ಮ ದೊಡ್ಡ ಮಕ್ಕಳಿಗೆ ಹೇಳುವಂಥದ್ದು. ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಡಬ್ಬಿಂಗ್ ಆಗಿರಲಿಲ್ಲ. ಈ ಮಾರ್ಚ್ 17ರ ಅವರ ಹುಟ್ಟುಹಬ್ಬಕ್ಕೆ ಸಿನಿಮಾ ಬಂದಾಗ ತಮ್ಮನ ಮುಖಕ್ಕೆ ಅಣ್ಣ ಶಿವಣ್ಣ ದನಿ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ತಂತ್ರಜ್ಞಾನದ ಸಹಾಯದಿಂದ ಪುನೀತ್ ಅವರದೇ ದನಿಯನ್ನು ಮರುಸೃಷ್ಟಿಸಿ ಮತ್ತೆ ಬಿಡುಗಡೆ ಮಾಡಿದರು. ನನ್ನ ವಿಜ್ಞಾನದ ಬುದ್ಧಿಗೆ ಎರಡನೆಯದು ಸೋಜಿಗ. ಅಕ್ಕನಿಗೆ ಶಿವಣ್ಣನ ದನಿಯೇ ಸಾಕಿತ್ತಂತೆ, ‘ಅದ್ರಲ್ಲಿ ಅಣ್ಣ ತಮ್ಮ ಇಬ್ರೂ ಇದ್ರು’ ಅಂದಳು.

ಯೋಗರಾಜ್ ಭಟ್ಟರ ‘ಗಾಳಿಪಟ 2’ಕ್ಕೆ ಒಂದೇ ಪ್ಯಾರಾ. ಕನ್ನಡ ಪರೀಕ್ಷೆ ಪಾಸಾಗದೆ ಉಳಿದ ಮೂವರು ಗೆಳೆಯರು ಮತ್ತೆ ಕಾಲೇಜು ಸೇರುತ್ತಾರೆ, ಅನಂತ್ ನಾಗ್ ಅವರ ಕನ್ನಡ ಮೇಷ್ಟ್ರು. ಕನ್ನಡದಲ್ಲಿ ನಪಾಸಾದವರ ಕಥೆ ಅಂದರೆ ನಮ್ಮ ಮಕ್ಕಳಿಗೆ ಹತ್ತಿರ ಇರಬೇಕಿತ್ತು! ಆದರೆ ಭಟ್ಟರ ಪನ್ನುಗಳು ನನಗೂ ಎರಡು ಸಲ ಹಿಂದಕ್ಕೆ ಹಾಕಿ ಕೇಳಬೇಕಾದಂಥವು. ಮಗಳು ಅರ್ಧಕ್ಕೆ ಎದ್ದು ಹೋಗಿ ಲೆಗೋ ಜೋಡಿಸತೊಡಗಿದಳು. ನಾವಿಬ್ಬರು ಪೂರ್ತಿ ನೋಡಿದೆವು, ಮಳೆಯ ದೃಶ್ಯ ಕಂಡು ಊರು ನೆನಪಾಯಿತು, ಅಷ್ಟೆ.

ರಜೆಯಲ್ಲಿ ಮಕ್ಕಳ ಜೊತೆ ಸಿನಿಮಾ ಹಾಕುವವರಿಗೆ ಎರಡು ಸಣ್ಣ ಮಾತು. ಐದು ಭಾಷೆಯಲ್ಲಿ ಬರುವ ಚಿತ್ರಗಳಿಗೆ ಟಿಕೆಟ್ ಕೊಳ್ಳುವಾಗ ಯಾವ ಭಾಷೆಯ ಷೋ ಅಂತ ಎರಡು ಸಲ ನೋಡಿ. ಈ ವರ್ಷ ನಮ್ಮ ಗೆಳೆಯರ ಕುಟುಂಬವೊಂದು ಇನ್ನೂರು ಕಿಲೋಮೀಟರ್ ಡ್ರೈವ್ ಮಾಡಿ ಹೋಗಿ ಹಿಂದಿಯ ಷೋ ನೋಡಿ ಬಂತು. ಮನೆಯಲ್ಲಾದರೂ ಆಡಿಯೋ ಯಾವ ಭಾಷೆಗೆ ನಿಂತಿದೆ ಅಂತ ಮೊದಲು ನೋಡಿಕೊಳ್ಳಿ. ಜರ್ಮನಿಯಲ್ಲಿರುವವರಿಗೆ ಇನ್ನೊಂದು ಸಂಗತಿ: ಎಫ್‌ಎಸ್‌ಕೆ ವಯೋಮಿತಿಯ ದರ್ಜೆ ಇಲ್ಲದ ಚಿತ್ರಕ್ಕೆ ಥಿಯೇಟರಿನೊಳಗೆ ಮಕ್ಕಳನ್ನು ಬಿಡುವಂತಿಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ. ಮಕ್ಕಳನ್ನು ಕರೆದುಕೊಂಡು ಹೊರಡುವ ಮೊದಲು ಷೋ ಏರ್ಪಡಿಸಿದವರನ್ನು ಕೇಳಿ.

ಈ ಕಾರಣಕ್ಕ‍ೇ ‘ಗಂಧದ ಗುಡಿ’ ನಮ್ಮ ಮಕ್ಕಳಿಗೆ ಇನ್ನೂ ಬಾಕಿ ಇದೆ. ಅಕ್ಟೋಬರ್ 28ಕ್ಕೆ, ಪುನೀತ್ ಹೋಗಿ ವರ್ಷ ತುಂಬುವ ಹಿಂದಿನ ದಿನ ಬಂದ ಚಿತ್ರ. 1973ರಲ್ಲಿ ಅಪ್ಪ ರಾಜ್‌ಕುಮಾರ್ ಮಾಡಿದ ಚಿತ್ರದ್ದೇ ಹೆಸರು. ಇಲ್ಲಿ ಪುನೀತ್ ಪಾತ್ರವಲ್ಲ, ಪುನೀತೇ. ಅಮೋಘವರ್ಷರ ಜೊತೆ ಕರ್ನಾಟಕದ ಕಾಡು, ನದಿ, ಕಡಲು ಸುತ್ತುತ್ತಾರೆ. ಇಬ್ಬರು ಗೆಳೆಯರು ನಡೆಯುತ್ತಾ, ಕಂಡದ್ದರ ಬಗ್ಗೆ ಮಾತಾಡುವುದು. ಹೊಡೆದಾಟ ಇಲ್ಲ, ಸಾವಿಲ್ಲ, ಹಾಗಂತ ನೋಡುವ ದೊಡ್ಡವರಿಗೆ ಗಂಟಲು ಕಟ್ಟದೆ ಇರುವುದಿಲ್ಲ. ಅಮ್ಮ ಹಾಸನದಲ್ಲಿ ನೋಡಿದ್ದಾರೆ. ಅದರಲ್ಲಿ ಕಂಡ ಪ್ರಾಣಿಗಳ ಹೆಸರನ್ನು ಮೊಮ್ಮಗಳಿಗೆ ಭಾನುವಾರಕ್ಕೊಂದರಂತೆ ವಿಡಿಯೋ ಕಾಲ್‌ನಲ್ಲಿ ಒಗಟು ಮಾಡಿ ಕೇಳುತ್ತಿದ್ದಾರೆ, ನನ್ನ ಕೈಗೆ ಫೋನು ಕೊಡು ಅನ್ನದೆ. ಕಳೆದ ವಾರದ್ದು ಇನ್ನೂ ಬಿಡಿಸಿಲ್ಲ. ಉತ್ತರ ನನಗೆ ಗೊತ್ತು, ಹೇಳಬಾರದಂತೆ.